ಮೊದಲು ಅಕ್ಷರ, ಆಮೇಲೆ ಆವೃತ್ತಿ: ಹಳೆಯ ವರ್ಡ್‌ಪ್ರೆಸ್ ತಾಣವನ್ನು ಹಂತ ಹಂತವಾಗಿ ಮೇಲೆ ತರುವ ಬಗೆ

ತಾಣ ಕಟ್ಟಿ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ 3.8 ಆವೃತ್ತಿ ಬಂದದ್ದು 2013ರ ಡಿಸೆಂಬರಿನಲ್ಲಿ. ಆ ಕಾಲದಲ್ಲಿ ಕಟ್ಟಿದ ಕನ್ನಡ ತಾಣಗಳು ಎಷ್ಟೋ ಇವೆ. ಕಥೆ, ಕವಿತೆ, ಊರಿನ ಇತಿಹಾಸ, ಅಡುಗೆ, ಯಾರೋ ಕೂತು ಟೈಪ್ ಮಾಡಿ ಹಾಕಿದ ಯಕ್ಷಗಾನದ ಪದ್ಯಗಳು. ಅವುಗಳಲ್ಲಿ ಕೆಲವು ಅದೇ ಆವೃತ್ತಿಯಲ್ಲಿ, ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ 5.4ರ ಮೇಲೆ ಇವತ್ತಿಗೂ ಓಡುತ್ತಿವೆ. ಪಿಎಚ್‌ಪಿ 5.4ಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2015ರಲ್ಲಿ. ವರ್ಡ್‌ಪ್ರೆಸ್ 3.7ರಿಂದ 4.0ರವರೆಗಿನ ಆವೃತ್ತಿಗಳಿಗೆ ನಿಂತದ್ದು 2022ರ ಡಿಸೆಂಬರಿನಲ್ಲಿ. ಅಂದರೆ ಬಾಗಿಲಿಗೆ ಚಿಲಕವೇ ಇಲ್ಲದ ಮನೆ.

ಹೋಸ್ಟಿಂಗ್‌ನವರಿಂದ ‘ಹಳೆಯ ಪಿಎಚ್‌ಪಿ ಇನ್ನು ಇರುವುದಿಲ್ಲ’ ಎಂಬ ಮೇಲ್ ಬಂದಾಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಡ್ಯಾಶ್‌ಬೋರ್ಡಿಗೆ ಹೋಗಿ ಅಪ್‌ಡೇಟ್ ಮಾಡಲು ನೋಡುತ್ತಾರೆ. ಹೊಸ ವರ್ಡ್‌ಪ್ರೆಸ್‌ಗೆ ಹೊಸ ಪಿಎಚ್‌ಪಿ ಬೇಕು (6.6ಕ್ಕೇ ಕನಿಷ್ಠ 7.2.24), ನಿಮ್ಮಲ್ಲಿ ಇರುವುದು 5.4 ಎಂದು ಹೇಳಿ ಅದು ಅಲ್ಲೇ ನಿಲ್ಲುತ್ತದೆ. ಇಲ್ಲವೇ ಹೋಸ್ಟಿಂಗಿನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನಲ್ಲಿ ಪಿಎಚ್‌ಪಿಯನ್ನು 7ಕ್ಕೆ ಏರಿಸಿಬಿಡುತ್ತಾರೆ. ಆಗ ತಾಣ ಏಳುವುದೇ ಇಲ್ಲ. 3.8 ತನ್ನ ಮೈಎಸ್‌ಕ್ಯುಎಲ್ ಡೇಟಾಬೇಸಿನ ಜೊತೆ ಮಾತಾಡುವುದು ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯುಎಲ್ ಎಕ್ಸ್‌ಟೆನ್ಶನ್ ಮೂಲಕ, ಪಿಎಚ್‌ಪಿ 7.0 ಅದನ್ನೇ ಕಿತ್ತುಹಾಕಿದೆ. ಅದರ ಬದಲಿಗೆ ಬಂದ ಮೈಎಸ್‌ಕ್ಯುಎಲ್‌ಐ ವರ್ಡ್‌ಪ್ರೆಸ್‌ಗೆ ಸೇರಿದ್ದು 3.9ರಲ್ಲಿ. ಹೊಸ ವರ್ಡ್‌ಪ್ರೆಸ್ ಹಳೆಯ ಪಿಎಚ್‌ಪಿಯ ಮೇಲೆ ನಿಲ್ಲದು, ಹಳೆಯ ವರ್ಡ್‌ಪ್ರೆಸ್ ಹೊಸ ಪಿಎಚ್‌ಪಿಯ ಮೇಲೆ ನಿಲ್ಲದು. ಮೆಟ್ಟಿಲು ಹತ್ತುವ ಹಾಗೆ ಒಂದು ಕಾಲು ಊರಿ, ಆಮೇಲೆ ಇನ್ನೊಂದನ್ನು ಎತ್ತಬೇಕು.

ಆ ಮೆಟ್ಟಿಲುಗಳ ಲೆಕ್ಕ ಮುಂದೆ ಕೊಡುತ್ತೇನೆ. ಆದರೆ ಕನ್ನಡ ತಾಣದಲ್ಲಿ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ವರ್ಡ್‌ಪ್ರೆಸ್ ಕೆಟ್ಟರೆ ಮತ್ತೆ ಇಳಿಸಿಕೊಳ್ಳಬಹುದು. ಥೀಮ್ ಹೋದರೆ ಇನ್ನೊಂದು ಹಾಕಬಹುದು. ಹತ್ತು ವರ್ಷದ ಬರಹದಲ್ಲಿ ಒತ್ತಕ್ಷರಗಳೆಲ್ಲ ಉದುರಿಹೋದರೆ ಅದನ್ನು ಯಾವ ಕಂಪನಿಯೂ ಮತ್ತೆ ತಂದುಕೊಡಲಾರದು.

ನಕಲಿನ ಮೇಲೆ ಕೆಲಸ

ಓಡುತ್ತಿರುವ ತಾಣವನ್ನು ಮುಟ್ಟಬೇಡಿ. ಫೈಲುಗಳ ಒಂದು ಪ್ರತಿ, ಡೇಟಾಬೇಸಿನ ಒಂದು ಪ್ರತಿ, ಎರಡನ್ನೂ ಒಂದೇ ಹೊತ್ತಿಗೆ ತೆಗೆದು ಲ್ಯಾಪ್‌ಟಾಪಿನಲ್ಲಿ ಡಾಕರ್ (ಬೇಕಾದ ಆವೃತ್ತಿಯ ಪ್ರೋಗ್ರಾಮುಗಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಉಪಕರಣ) ಒಳಗೆ ತಾಣವನ್ನು ಎಬ್ಬಿಸಿ. ಪಿಎಚ್‌ಪಿ 5.4, 5.6, 7.2, 7.4, 8ರ ಸಾಲು ಎಲ್ಲಕ್ಕೂ ಡಾಕರ್ ಹಬ್‌ನಲ್ಲಿ ಇಮೇಜ್ ಸಿಗುತ್ತದೆ. ಸಂರಚನೆಯ ಒಂದು ಸಾಲು ಬದಲಿಸಿದರೆ ಪಿಎಚ್‌ಪಿ ಬದಲಾಗುತ್ತದೆ. ಹಂತ ಹಂತವಾಗಿ ಏರುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಇಲ್ಲ.

ಡೇಟಾಬೇಸಿನ ಪ್ರತಿಯನ್ನು ಸಾಧ್ಯವಾದರೆ ಕಮಾಂಡ್ ಲೈನಿನಿಂದ, ಮೈಎಸ್‌ಕ್ಯುಎಲ್‌ಡಂಪ್ ಆಜ್ಞೆಯಿಂದಲೇ ತೆಗೆಯಿರಿ; ಆ ಪ್ರತಿಯನ್ನೇ ಡಂಪ್ ಎನ್ನುವುದು. ಬ್ರೌಸರಿನಲ್ಲಿ ಡೇಟಾಬೇಸು ತೋರಿಸುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ತೆಗೆದರೆ ದೊಡ್ಡ ಡೇಟಾಬೇಸು ಸಮಯ ಮೀರಿ ಅರ್ಧಕ್ಕೆ ನಿಲ್ಲಬಹುದು. ನಿಂತದ್ದು ಗೊತ್ತಾಗುವುದಿಲ್ಲ, ಯಾಕೆಂದರೆ ಫೈಲು ಬಂದೇ ಇರುತ್ತದೆ. ಮೈಎಸ್‌ಕ್ಯುಎಲ್‌ಡಂಪ್ ಸರಿಯಾಗಿ ಮುಗಿದಿದ್ದರೆ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಮತ್ತು ತಾರೀಕು ಇರುತ್ತದೆ. ಅದನ್ನು ಕಣ್ಣಾರೆ ನೋಡಿ. ಬ್ಯಾಕಪ್ ಇದೆ ಎಂದು ಹೇಳಬೇಕಾದದ್ದು ಅದರಿಂದ ತಾಣವನ್ನು ಒಮ್ಮೆ ಎಬ್ಬಿಸಿ ನೋಡಿದ ಮೇಲೆ, ಅದಕ್ಕೆ ಮುಂಚೆ ಅಲ್ಲ.

ಫೈಲುಗಳನ್ನು ಜಿಪ್ ಬದಲು ಟಾರ್‌ನಲ್ಲಿ ಕಟ್ಟಿ. ಚಿತ್ರಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದರೆ ಇದು ಮುಖ್ಯ. ‘ೋ’ ಎಂಬ ಚಿಹ್ನೆಗೆ ಯೂನಿಕೋಡಿನಲ್ಲಿ ಒಂದೇ ಸಂಕೇತ ಉಂಟು; ಅದನ್ನೇ ಬಿಡಿಸಿ ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಂಥ ಯಂತ್ರದಲ್ಲಿ ಬಿಚ್ಚಿ ಮತ್ತೆ ಸರ್ವರಿಗೆ ಏರಿಸಿದರೆ ‘ಕೋಟೆ’ ಎಂಬ ಚಿತ್ರ ಕಣ್ಣಿಗೆ ಅದೇ ಹೆಸರಿನಲ್ಲಿ ಕಾಣುತ್ತದೆ, ಆದರೆ ಲೇಖನದ ಒಳಗೆ ಚಿತ್ರ ಬರುವುದಿಲ್ಲ. ಬೈಟುಗಳು ಬೇರೆಯಾಗಿಬಿಟ್ಟಿವೆ.

ನಕಲು ಎದ್ದ ಕೂಡಲೇ ಮೂರು ಕೆಲಸ. ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ತಾಣದ ವಿಳಾಸವನ್ನು ಲ್ಯಾಪ್‌ಟಾಪಿನದಕ್ಕೆ ಬದಲಿಸಿ, ಇಲ್ಲದಿದ್ದರೆ ಲಾಗಿನ್ ಒತ್ತಿದಾಗಲೆಲ್ಲ ನಿಜವಾದ ತಾಣಕ್ಕೆ ಹೋಗಿ ನಿಲ್ಲುತ್ತೀರಿ. ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ವರ್ಡ್‌ಪ್ರೆಸ್ ಕ್ರಾನ್ ನಿಲ್ಲಿಸಿಡಿ. ಮೇಲ್ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಮತ್ತು ಸುದ್ದಿಪತ್ರದ ಪ್ಲಗಿನ್ ನಿಷ್ಕ್ರಿಯಗೊಳಿಸಿ. ಡಾಕರ್ ಒಳಗೆ ಮೇಲ್ ಕಳಿಸುವ ಪ್ರೋಗ್ರಾಂ ಇಲ್ಲವಲ್ಲ ಎಂದು ಸುಮ್ಮನಿದ್ದರೆ, ಎಸ್‌ಎಂಟಿಪಿ ಪ್ಲಗಿನ್ ತನ್ನ ಪಾಸ್‌ವರ್ಡ್ ಬಳಸಿ ಹೊರಗಿನ ಮೇಲ್ ಸರ್ವರಿಗೆ ನೇರ ಹೋಗುತ್ತದೆ. ನಕಲಿನಿಂದ ಸಾವಿರ ಚಂದಾದಾರರಿಗೆ ಮೇಲ್ ಹೋಗುವುದು ಹೀಗೆ.

ಇನ್ನೊಂದು ಪರೀಕ್ಷೆಯನ್ನು ಇಲ್ಲೇ ಮುಗಿಸಿ. ಇಷ್ಟು ವರ್ಷ ತೆರೆದಿದ್ದ ಮನೆಗೆ ಯಾರಾದರೂ ನುಗ್ಗಿರಬಹುದು. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲು ಇದೆಯೇ ಹುಡುಕಿ. ಚಿತ್ರಗಳ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ. ಕೆಲವು ಪ್ಲಗಿನ್‌ಗಳು ಇಡುವ ಖಾಲಿ ಇಂಡೆಕ್ಸ್ ಫೈಲು ಮಾತ್ರ ನಿರುಪದ್ರವಿ. ವರ್ಡ್‌ಪ್ರೆಸ್ಸನ್ನು ಕಮಾಂಡ್ ಲೈನಿನಿಂದ ನಡೆಸುವ ಡಬ್ಲ್ಯೂಪಿ-ಸಿಎಲ್‌ಐ ಉಪಕರಣದಲ್ಲಿ, ಮೂಲ ಫೈಲುಗಳು ಬದಲಾಗಿವೆಯೇ ಎಂದು ಚೆಕ್‌ಸಮ್ ತಾಳೆ ನೋಡುವ ಆಜ್ಞೆ ಇದೆ, ಓಡಿಸಿ. ಅಡ್ಮಿನ್ ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಇದೆಯೇ ನೋಡಿ. ಥೀಮಿನ ಒಳಗೆ ಚಿತ್ರ ಕಿರಿದಾಗಿಸುವ ಟಿಮ್‌ಥಂಬ್ ಎಂಬ ಫೈಲು ಇದ್ದರೆ ತೆಗೆಯಿರಿ. 2011ರಲ್ಲಿ ಅದರಲ್ಲಿ ಸಿಕ್ಕ ತೂತಿನಿಂದಲೇ ಅಸಂಖ್ಯ ತಾಣಗಳು ಹಾಳಾದವು. ಕಳ್ಳಬಾಗಿಲು ಇದ್ದ ತಾಣವನ್ನು ಹಾಗೇ ಅಪ್‌ಗ್ರೇಡ್ ಮಾಡಿದರೆ ಆ ಬಾಗಿಲೂ ಜೊತೆಗೇ ಹೊಸ ಮನೆಗೆ ಬರುತ್ತದೆ.

ಅಕ್ಷರಗಳ ಆರೋಗ್ಯ

ಹಳೆಯ ಕನ್ನಡ ತಾಣದ ಬರಹಕ್ಕೆ ಮೂರು ಬಗೆಯ ರೋಗ ಇರಬಹುದು, ಮೂರಕ್ಕೂ ಔಷಧ ಬೇರೆ. ಯಾವುದು ಎಂದು ತಿಳಿಯದೆ ಕೈ ಹಾಕಿದರೆ ಇದ್ದ ಒಳ್ಳೆಯ ಅಕ್ಷರವೂ ಕೆಡುತ್ತದೆ.

ತಿಳಿಯುವ ದಾರಿ ಸುಲಭ. ಯಾವುದಾದರೂ ಕನ್ನಡ ಶೀರ್ಷಿಕೆಯನ್ನು ಮೈಎಸ್‌ಕ್ಯುಎಲ್‌ನ ಹೆಕ್ಸ್ ಫಂಕ್ಷನ್‌ಗೆ ಕೊಟ್ಟು ನೋಡಿ; ಅದು ಒಳಗಿನ ಬೈಟುಗಳನ್ನು ಹದಿನಾರರ ಅಂಕಿಗಳಲ್ಲಿ (0ರಿಂದ 9, ಎಯಿಂದ ಎಫ್) ತೋರಿಸುತ್ತದೆ. ಯೂನಿಕೋಡಿನ ಕನ್ನಡ ಅಕ್ಷರ ಒಂದೊಂದೂ, ಅದನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ, 3 ಬೈಟು. ‘ಕ’ ಅಂದರೆ ಇ0, ಬಿ2, 95. ಕನ್ನಡದ ಪ್ರತಿಯೊಂದು ಅಕ್ಷರವೂ ಇ0 ಬಿ2 ಅಥವಾ ಇ0 ಬಿ3 ಎಂದೇ ಶುರುವಾಗುತ್ತದೆ. ಸ್ವರ, ವ್ಯಂಜನ, ಇಳಿ, ಗುಡಿಸು ಬಿ2ರಲ್ಲಿ. ಕೊಂಬು, ಏತ್ವ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ ಬಿ3ರಲ್ಲಿ. ಹೆಕ್ಸ್‌ನಲ್ಲಿ ಇದೇ ಕಂಡು, ಕಾಲಮ್ಮಿನ ಕ್ಯಾರೆಕ್ಟರ್ ಸೆಟ್ಟೂ (ಬೈಟುಗಳನ್ನು ಯಾವ ಪಟ್ಟಿಯಿಂದ ಓದಬೇಕೆಂಬ ನಮೂದು) ಯುಟಿಎಫ್-8 ಆಗಿದ್ದರೆ ನಿಮ್ಮ ಅಕ್ಷರ ಆರೋಗ್ಯವಾಗಿದೆ.

ಹೆಕ್ಸ್‌ನಲ್ಲಿ ಇ0 ಬಿ2 ಎಂದೇ ಇದ್ದು ಕಾಲಮ್ಮು ಮಾತ್ರ ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಪಟ್ಟಿ) ಎಂದು ಹೇಳಿಕೊಂಡಿದ್ದರೆ, ಸರಕು ಸರಿಯಿದೆ, ಚೀಟಿ ತಪ್ಪಾಗಿದೆ. ಇದು ಮೊದಲ ರೋಗ. ಡೇಟಾಬೇಸಿನ ಕ್ಯಾರೆಕ್ಟರ್ ಸೆಟ್ ನಮೂದಿಸುವ ಸಾಲು ಕಾನ್ಫಿಗ್ ಫೈಲಿಗೆ ಬಂದದ್ದು 2007ರ 2.2 ಆವೃತ್ತಿಯಲ್ಲಿ, ಅದಕ್ಕೂ ಹಳೆಯ ತಾಣಗಳಲ್ಲಿ ಇದು ಸಾಮಾನ್ಯ. ಬ್ರೌಸರಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಮಾತ್ರ ಕಸ. ಆ ಕಸಕ್ಕೂ ಒಂದು ಮುಖಲಕ್ಷಣ ಇದೆ: ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲೆ ಕೂತ ಪುಟ್ಟ 2 ಅಥವಾ 3, ಮತ್ತೆ ಏನೋ ಒಂದು ಚಿಹ್ನೆ. ಪುಟ್ಟ 2 ಮತ್ತು 3 ಸಾಲುಸಾಲಾಗಿ ಕಂಡರೆ ಒಳಗಿರುವುದು ಕನ್ನಡವೇ ಎಂದು ಓದದೆಯೇ ಹೇಳಬಹುದು.

ಇದಕ್ಕೆ ಮದ್ದು, ಕಾಲಮ್ಮನ್ನು ನೇರವಾಗಿ ಯುಟಿಎಫ್-8ಕ್ಕೆ ಬದಲಿಸುವುದು ಅಲ್ಲ. ಹಾಗೆ ಮಾಡಿದರೆ ಮೈಎಸ್‌ಕ್ಯುಎಲ್ ಆ ಗೀಟಿನ ‘ಎ’ಯನ್ನೇ ನಿಜವಾದ ಅಕ್ಷರ ಎಂದು ನಂಬಿ ಅದನ್ನು ಮತ್ತೊಮ್ಮೆ ಸಂಕೇತಿಸುತ್ತದೆ. ಮೊದಲು ಕಾಲಮ್ಮನ್ನು ಅಕ್ಷರವೇ ಅಲ್ಲದ ಬೈನರಿ ಬಗೆಗೆ ತನ್ನಿ: ಲಾಂಗ್‌ಟೆಕ್ಸ್ಟ್ ಇದ್ದರೆ ಲಾಂಗ್‌ಬ್ಲಾಬ್, ಟೆಕ್ಸ್ಟ್ ಇದ್ದರೆ ಬ್ಲಾಬ್, ವಾರ್‌ಕ್ಯಾರ್ 200 ಇದ್ದರೆ ವಾರ್‌ಬೈನರಿ 200. ಆಮೇಲೆ ಮೊದಲಿನ ಬಗೆಗೆ ಮರಳಿಸುವಾಗ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನ ಪೂರ್ಣ ಯುಟಿಎಫ್-8) ಎಂದು ಹೇಳಿ. ಬೈಟುಗಳು ಅಲುಗುವುದಿಲ್ಲ, ಚೀಟಿ ಮಾತ್ರ ಬದಲಾಗುತ್ತದೆ. ಪೋಸ್ಟುಗಳು, ಪ್ರತಿಕ್ರಿಯೆಗಳು, ವರ್ಗಗಳ ಹೆಸರು ಮತ್ತು ವಿವರಣೆ, ಮೆಟಾ ಟೇಬಲ್‌ಗಳು, ಆಪ್ಶನ್ಸ್, ಬಳಕೆದಾರರ ಹೆಸರು ಎಲ್ಲಕ್ಕೂ ಇದನ್ನೇ ಮಾಡಬೇಕು. ಮುಗಿದ ಮೇಲೆ ಕಾನ್ಫಿಗ್ ಫೈಲಿನ ಸಾಲನ್ನೂ ಹೊಂದಿಸಿ. ಮೈಎಸ್‌ಕ್ಯುಎಲ್ 5.7 ಅಥವಾ ಅದಕ್ಕೆ ಮೇಲಿದ್ದರೆ ‘ಪೋಸ್ಟ್ ಡೇಟ್‌ನ ಡೀಫಾಲ್ಟ್ ಬೆಲೆ ಸರಿಯಿಲ್ಲ’ ಎಂದು ಅದು ತಡೆಯಬಹುದು. ವರ್ಡ್‌ಪ್ರೆಸ್ ಹಳೆಯ ಕಾಲದಿಂದ ಸೊನ್ನೆಗಳ ತಾರೀಕು ಬಳಸುತ್ತಿದೆ, ಕಟ್ಟುನಿಟ್ಟಿನ ಮೋಡ್ ಅದನ್ನು ಒಪ್ಪುವುದಿಲ್ಲ. ಆ ಒಂದು ಸೆಶನ್ನಿಗೆ ಎಸ್‌ಕ್ಯುಎಲ್ ಮೋಡ್ ಖಾಲಿ ಮಾಡಿಕೊಂಡರೆ ಸಾಕು.

ಹೆಕ್ಸ್‌ನಲ್ಲಿ ಸಿ3 ಎ0 ಸಿ2 ಬಿ2 ಎಂದು ಶುರುವಾದರೆ ಅದು ಎರಡನೆಯ ರೋಗ. ಸಂಕೇತದ ಮೇಲೆ ಸಂಕೇತ ಬಿದ್ದಿದೆ, ಯಾವುದೋ ಹಳೆಯ ಸರ್ವರ್ ಬದಲಾವಣೆಯಲ್ಲಿ ಆದದ್ದು. ಇಲ್ಲಿ ಲ್ಯಾಟಿನ್-1ಕ್ಕೆ ಇಳಿಸಿ, ಅದನ್ನು ಬೈನರಿ ಎಂದು ನೋಡಿ, ಮತ್ತೆ ಯುಟಿಎಫ್8ಎಂಬಿ4 ಎಂದು ಓದಬೇಕು. ಎಲ್ಲ ಸಾಲುಗಳಿಗೂ ಮಾಡಬೇಡಿ. ಒಂದು ತಾರೀಕಿನ ನಂತರ ಬರೆದವು ಸರಿಯಾಗಿಯೇ ಇರುತ್ತವೆ, ಅವುಗಳ ಮೇಲೆ ಇದನ್ನು ಓಡಿಸಿದರೆ ಕೈಗೆ ಸಿಗುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೆಕ್ಸ್‌ನಲ್ಲಿ ಸಿ3 ಎ0 ಸಿ2 ಬಿ2 ಅಥವಾ ಸಿ3 ಎ0 ಸಿ2 ಬಿ3 ಇರುವ ಸಾಲುಗಳಿಗೆ ಮಾತ್ರ ಎಂದು ಷರತ್ತು ಹಾಕಿ.

ಈ ಕೆಲಸವನ್ನು ಮೈಎಸ್‌ಕ್ಯುಎಲ್ ಒಳಗೇ ಮಾಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಲ್ಯಾಟಿನ್-1 ಎಂದು ಮೈಎಸ್‌ಕ್ಯುಎಲ್ ಕರೆಯುವುದು ಅಸಲಿಗೆ ವಿಂಡೋಸ್-1252 ಪಟ್ಟಿಯನ್ನು. ಆ ಪಟ್ಟಿಯಲ್ಲಿ 5 ಬೈಟುಗಳಿಗೆ ಅಕ್ಷರವೇ ಇಲ್ಲ: 81, 8ಡಿ, 8ಎಫ್, 90, 9ಡಿ. ಮೈಎಸ್‌ಕ್ಯುಎಲ್ ಈ ಐದನ್ನೂ ಹಾಗೇ ಉಳಿಸಿಕೊಳ್ಳುತ್ತದೆ. ಹೊರಗಿನ ಎಷ್ಟೋ ಪರಿವರ್ತಕಗಳು, ಸ್ಕ್ರಿಪ್ಟುಗಳು ಅವನ್ನು ಬಿಟ್ಟುಬಿಡುತ್ತವೆ ಅಥವಾ ಅಲ್ಲೇ ನಿಂತುಬಿಡುತ್ತವೆ. ಕನ್ನಡದಲ್ಲಿ ಈ ಐದು ಬೈಟುಗಳಿಗೆ ಎದುರಾಗಿ ಇರುವುದು ಯಾವ ಅಕ್ಷರಗಳು ನೋಡಿ. 81 ಅಂದರೆ ಕೊಂಬು, ‘ು’. 8ಡಿ ಅಂದರೆ ‘್’, ಎಲ್ಲ ಒತ್ತಕ್ಷರಗಳ ಬೆನ್ನೆಲುಬು. ಉಳಿದ ಮೂರು ಏ, ಐ, ಝ. ಏ, ಐ, ಝ ಬರುವುದು ಕಡಿಮೆ, ಹೇಗೋ ತಿದ್ದಬಹುದು. ಕೊಂಬು ಮತ್ತು ವಿರಾಮ ಇಲ್ಲದ ಕನ್ನಡ ವಾಕ್ಯವನ್ನು ಒಂದು ಬರೆದು ನೋಡಿ! ಅವು ಉದುರಿದ ಜಾಗದಲ್ಲಿ ಇ0 ಬಿ3 ಎಂಬ ಎರಡು ಬೈಟು ಮಾತ್ರ ಉಳಿದಿರುತ್ತದೆ, ಅಲ್ಲಿ ಇದ್ದದ್ದು ಕೊಂಬೋ ವಿರಾಮವೋ ಎಂದು ಯಂತ್ರ ಹೇಳಲಾರದು. ಮನುಷ್ಯರೇ ಕೂತು ಓದಿ ತುಂಬಬೇಕು.

ಮೂರನೆಯದು ಯೂನಿಕೋಡಿಗೂ ಹಿಂದಿನ ಬರಹ. ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟವು) ಟೈಪ್ ಮಾಡಿ, ಫಾಂಟ್ ಟ್ಯಾಗಿನ ಒಳಗೆ ಇಟ್ಟದ್ದು. ಡೇಟಾಬೇಸಿನ ಕಣ್ಣಿಗೆ ಇದು ಅರ್ಥವಿಲ್ಲದ ಇಂಗ್ಲಿಷ್. ಹುಡುಕಿದರೆ ಸಿಗದು, ಫೋನಿನಲ್ಲಿ ಕಾಣದು. ಪರಿವರ್ತಕಗಳು ಇವೆ, ಆದರೆ ಇಡೀ ಲೇಖನವನ್ನು ಅದರ ಬಾಯಿಗೆ ಕೊಡಬೇಡಿ. ಫಾಂಟ್ ಟ್ಯಾಗಿನ ಒಳಗಿನ ಪಠ್ಯವನ್ನು ಮಾತ್ರ ಕೊಡಿ, ಇಲ್ಲದಿದ್ದರೆ ಲಿಂಕುಗಳೂ ಇಂಗ್ಲಿಷ್ ಹೆಸರುಗಳೂ ಕನ್ನಡದ ಅಕ್ಷರರಾಶಿಯಾಗುತ್ತವೆ. ಪರೀಕ್ಷೆಗೆ ಅರ್ಕಾವತ್ತು ಇರುವ ಪದಗಳನ್ನು ಆರಿಸಿ. ‘ಧರ್ಮ’ ಎಂಬುದನ್ನು ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಇಡುತ್ತಿದ್ದರು: ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಧ, ರ, ವಿರಾಮ, ಮ. ಈ ಹಿಂದುಮುಂದನ್ನು ಸರಿಯಾಗಿ ಮಾಡದ ಪರಿವರ್ತಕ ‘ಧರ್ಮ’ವನ್ನು ‘ಧಮರ್’ ಮಾಡಿಬಿಡುತ್ತದೆ. ಅಂತರ್ಜಾಲದಲ್ಲಿ ಇಂಥ ‘ಕಮರ್’, ‘ವಷರ್’ಗಳು ಇವತ್ತಿಗೂ ಸಿಗುತ್ತವೆ, ನೋಡಿದಾಗಲೆಲ್ಲ ನೋವಾಗುತ್ತದೆ.

ಅಕ್ಷರ ಸರಿಯಾದ ಮೇಲೆ ಎರಡು ಲೆಕ್ಕ ನೆನಪಿಡಿ. ಮೊದಲನೆಯದು 15. ‘ಕನ್ನಡ’ ಎಂಬುದರಲ್ಲಿ ಕ, ನ, ವಿರಾಮ, ನ, ಡ ಎಂದು 5 ಸಂಕೇತ, ಅಂದರೆ 15 ಬೈಟು. ವಿಜೆಟ್, ಥೀಮ್ ಆಯ್ಕೆಗಳನ್ನು ವರ್ಡ್‌ಪ್ರೆಸ್ ಸೀರಿಯಲೈಸ್ ಮಾಡಿ, ಅಂದರೆ ಒಂದೇ ಪಠ್ಯದ ಸಾಲಾಗಿ ಕಟ್ಟಿ, ಇಡುವಾಗ ಪ್ರತಿ ಪಠ್ಯದ ಮುಂದೆ ಅದರ ಉದ್ದವನ್ನು ಬೈಟಿನಲ್ಲಿ ಬರೆದಿರುತ್ತದೆ. ನೀವು ಡಂಪ್ ಫೈಲನ್ನು ಎಡಿಟರಿನಲ್ಲಿ ತೆರೆದು ಎಚ್‌ಟಿಟಿಪಿಯನ್ನು ಎಚ್‌ಟಿಟಿಪಿಎಸ್ ಎಂದು ಬದಲಿಸಿದರೆ ಒಂದು ಬೈಟು ಹೆಚ್ಚುತ್ತದೆ, ಮುಂದಿನ ಸಂಖ್ಯೆ ಹಾಗೇ ಉಳಿಯುತ್ತದೆ. ಪಿಎಚ್‌ಪಿ ಅದನ್ನು ಬಿಚ್ಚಲಾಗದೆ ಬಿಟ್ಟುಬಿಡುತ್ತದೆ. ಸೈಡ್‌ಬಾರಿನ ವಿಜೆಟ್ಟುಗಳೆಲ್ಲ ಮಾಯ. ಇಂಥ ಬದಲಾವಣೆಗೆ ಡಬ್ಲ್ಯೂಪಿ-ಸಿಎಲ್‌ಐನ ಹುಡುಕು-ಬದಲಿಸು ಆಜ್ಞೆ ಬಳಸಿ, ಅದು ಉದ್ದವನ್ನೂ ತಿದ್ದುತ್ತದೆ.

ಎರಡನೆಯದು 22. ಲೇಖನದ ಕೊಂಡಿಯ ಹೆಸರು ಡೇಟಾಬೇಸಿನಲ್ಲಿ 200 ಅಕ್ಷರ ಮೀರುವಂತಿಲ್ಲ. ಕನ್ನಡದ ಒಂದೊಂದು ಬೈಟೂ ಅಲ್ಲಿ ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಂಕಿಯಾಗಿ ಕೂರುತ್ತದೆ, ಒಂದು ಕನ್ನಡ ಸಂಕೇತಕ್ಕೆ 9 ಜಾಗ. ಹಾಗಾಗಿ 22 ಸಂಕೇತಕ್ಕೆ ಕೊಂಡಿ ಕತ್ತರಿಸಿಹೋಗುತ್ತದೆ. ಅರ್ಧಕ್ಕೆ ನಿಂತ ಕೊಂಡಿಗಳನ್ನು ಕಂಡು ‘ಸರಿ ಮಾಡೋಣ’ ಎಂದು ಹೊಸದಾಗಿ ಹುಟ್ಟಿಸಲು ಹೋಗಬೇಡಿ. ಹತ್ತು ವರ್ಷದಿಂದ ಗೂಗಲ್‌ನಲ್ಲಿ, ಬೇರೆಯವರ ಬ್ಲಾಗುಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇರುವುದು ಆ ಕತ್ತರಿಸಿದ ಕೊಂಡಿಯೇ.

ಮೆಟ್ಟಿಲುಗಳು

ಮೊದಲ ಮೆಟ್ಟಿಲು: ಪಿಎಚ್‌ಪಿ 5.4 ಹಾಗೇ ಇರಲಿ, ವರ್ಡ್‌ಪ್ರೆಸ್ 3.8ರಿಂದ 4.9ರ ಕೊನೆಯ ಕಿರು ಆವೃತ್ತಿಗೆ. 4.9 ಕೆಳಗೆ ಪಿಎಚ್‌ಪಿ 5.2.4ರ ಮೇಲೂ ನಿಲ್ಲುತ್ತದೆ, ಮೇಲೆ 7.2ರ ಮೇಲೂ ನಿಲ್ಲುತ್ತದೆ. ಎಡಿಟರೂ ಹಳೆಯದೇ. ಹಾಗಾಗಿ ಕಾಲೂರಲು ಅದೇ ಒಳ್ಳೆಯ ಜಾಗ. ನಡುವಿನ 3.9, 4.0, 4.1 ಎಂದು ಒಂದೊಂದನ್ನೂ ಹಾಕಬೇಕಿಲ್ಲ. ಆಪ್ಶನ್ಸ್ ಟೇಬಲ್ಲಿನಲ್ಲಿ ಡೇಟಾಬೇಸಿನ ಆವೃತ್ತಿ ಸಂಖ್ಯೆ ಇರುತ್ತದೆ, ಅದನ್ನು ನೋಡಿ ನಡುವಿನ ಬದಲಾವಣೆಗಳನ್ನೆಲ್ಲ ಅಪ್‌ಗ್ರೇಡ್ ತಾನೇ ಸಾಲಾಗಿ ಮಾಡುತ್ತದೆ. ಮೊದಲು ಎಲ್ಲ ಪ್ಲಗಿನ್ ನಿಷ್ಕ್ರಿಯ, ಥೀಮ್ ತಾತ್ಕಾಲಿಕವಾಗಿ ವರ್ಡ್‌ಪ್ರೆಸ್ಸಿನದೇ ಯಾವುದಾದರೊಂದು. ಡಬ್ಲ್ಯೂಪಿ-ಅಡ್ಮಿನ್ ಮತ್ತು ಡಬ್ಲ್ಯೂಪಿ-ಇನ್‌ಕ್ಲೂಡ್ಸ್ ಫೋಲ್ಡರುಗಳನ್ನು ಅಳಿಸಿ ಹೊಸವನ್ನು ಇಡಿ. ಮೇಲೆ ಮೇಲೆ ಸುರಿದರೆ ಹಳೆಯ ಫೈಲುಗಳು ಮೂಲೆಯಲ್ಲಿ ಉಳಿಯುತ್ತವೆ. ಡಬ್ಲ್ಯೂಪಿ-ಕಂಟೆಂಟ್ ಮತ್ತು ಕಾನ್ಫಿಗ್ ಫೈಲು ಮುಟ್ಟಬೇಡಿ.

ಈ ಒಂದು ಜಿಗಿತದಲ್ಲಿ ಎರಡು ದೊಡ್ಡ ಬದಲಾವಣೆ ನಡೆಯುತ್ತವೆ. 4.2ರ ಪಾಲಿನದು, ಯುಟಿಎಫ್-8 ಟೇಬಲ್‌ಗಳು ಯುಟಿಎಫ್8ಎಂಬಿ4 ಆಗುವುದು, ಮೈಎಸ್‌ಕ್ಯುಎಲ್ 5.5.3 ಅಥವಾ ಮೇಲಿದ್ದರೆ ಮಾತ್ರ. ಕನ್ನಡಕ್ಕೆ 3 ಬೈಟು ಸಾಕಾದ್ದರಿಂದ ಹಳೆಯದೂ ನಡೆಯುತ್ತಿತ್ತು. ಎಮೋಜಿಗೆ 4 ಬೈಟು ಬೇಕು. ಹಳೆಯ ಟೇಬಲ್ಲಿನಲ್ಲಿ ಎಮೋಜಿ ಬಂದ ಕಡೆ ಅದರ ಮುಂದಿನ ಪಠ್ಯವೆಲ್ಲ ಕತ್ತರಿಸಿಹೋಗುತ್ತಿತ್ತು. ಅರ್ಧಕ್ಕೆ ನಿಂತ ಹಳೆಯ ಪ್ರತಿಕ್ರಿಯೆಗಳು ಕಂಡರೆ ಅದೇ ಕಾರಣ, ಅವು ಮರಳಿ ಬರವು. ಲ್ಯಾಟಿನ್-1 ಟೇಬಲ್‌ಗಳನ್ನು ಮಾತ್ರ ಈ ಅಪ್‌ಗ್ರೇಡ್ ಮುಟ್ಟುವುದೇ ಇಲ್ಲ. ಅಕ್ಷರದ ಕೆಲಸವನ್ನು ಮೊದಲೇ ಮುಗಿಸಿ ಎಂದದ್ದು ಇದಕ್ಕೂ ಹೌದು.

4.3ರ ಪಾಲಿನದು ಸೂಕ್ಷ್ಮ. ಹಳೆಯ ವರ್ಡ್‌ಪ್ರೆಸ್‌ನಲ್ಲಿ ‘ಪ್ರವಾಸ’ ಎಂಬ ವರ್ಗವೂ ‘ಪ್ರವಾಸ’ ಎಂಬ ಟ್ಯಾಗೂ ಇದ್ದರೆ ಎರಡಕ್ಕೂ ಒಂದೇ ಸಂಖ್ಯೆ ಇರುತ್ತಿತ್ತು. 4.3 ಅವನ್ನು ಬೇರ್ಪಡಿಸಿ ಒಂದಕ್ಕೆ ಹೊಸ ಸಂಖ್ಯೆ ಕೊಡುತ್ತದೆ, ಆ ಕೆಲಸವನ್ನು ಕ್ರಾನ್ ಮೂಲಕ ಮಾಡುತ್ತದೆ. ನಕಲಿನಲ್ಲಿ ಕ್ರಾನ್ ನಿಲ್ಲಿಸಿದ್ದೀರಲ್ಲ, ಇಲ್ಲಿ ಒಮ್ಮೆ ಕೈಯಿಂದ ಓಡಿಸಿ. ಆಮೇಲೆ ಮುಖಪುಟದ ‘ಪ್ರವಾಸ’ ಪೆಟ್ಟಿಗೆ ಖಾಲಿ ಕಂಡರೆ ಗಾಬರಿ ಬೇಡ. ಥೀಮಿನ ಆಯ್ಕೆಯಲ್ಲಿ ಹಳೆಯ ಸಂಖ್ಯೆ ಉಳಿದಿದೆ, ಮತ್ತೆ ಆರಿಸಿ ಉಳಿಸಿದರೆ ಸರಿಯಾಗುತ್ತದೆ.

ಎರಡನೆಯ ಮೆಟ್ಟಿಲು: ವರ್ಡ್‌ಪ್ರೆಸ್ 4.9 ಹಾಗೇ, ಪಿಎಚ್‌ಪಿ 5.4ರಿಂದ 7.2ಕ್ಕೆ. ಎಲ್ಲಕ್ಕಿಂತ ಎತ್ತರದ ಮೆಟ್ಟಿಲು ಇದು, ಯಾಕೆಂದರೆ ಹಳೆಯ ಥೀಮು ಬೀಳುವುದು ಇಲ್ಲೇ. ಕಾನ್ಫಿಗ್‌ನಲ್ಲಿ ದೋಷಗಳನ್ನು ಬರೆದಿಡುವ ಡೀಬಗ್ ಲಾಗ್ ಹೊತ್ತಿಸಿ, ತೆರೆಯ ಮೇಲೆ ತೋರಿಸುವುದನ್ನು ನಿಲ್ಲಿಸಿ, ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಲಾಗ್ ಫೈಲನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಳ್ಳಿ. ನಿಮ್ಮ ಥೀಮನ್ನು ಮತ್ತೆ ಸಕ್ರಿಯಗೊಳಿಸಿ. ಬಿಳಿ ತೆರೆ ಬಂದರೆ ಲಾಗಿನ ಕೊನೆಯ ಸಾಲಿನಲ್ಲಿ ಫೈಲು, ಸಾಲಿನ ಸಂಖ್ಯೆ ಎರಡೂ ಇರುತ್ತವೆ. ಥೀಮಿನವರು ನೇರವಾಗಿ ಮೈಎಸ್‌ಕ್ಯುಎಲ್ ಕ್ವೆರಿ ಬರೆದಿದ್ದರೆ ವರ್ಡ್‌ಪ್ರೆಸ್ಸಿನ ಡಬ್ಲ್ಯೂಪಿಡಿಬಿ ಮೂಲಕ ಬರೆಯಿರಿ. ಪಠ್ಯ ಹುಡುಕುವ ಹಳೆಯ ಎರೆಗ್ ಫಂಕ್ಷನ್ನುಗಳಿದ್ದರೆ ಪ್ರೆಗ್‌ಗೆ ಬದಲಿಸಿ. ಖಾಲಿ ಪಠ್ಯವೆಂದು ಶುರುಮಾಡಿದ ಚರಕ್ಕೆ ಚೌಕ ಆವರಣದಿಂದ ಅಂಶ ಸೇರಿಸಿದ್ದರೆ 7.1ರಿಂದ ಅದು ಮಾರಕ ದೋಷ. ಶುರುವಿನಲ್ಲೇ ಖಾಲಿ ಅರೇ ಎಂದು ಬರೆದರೆ ಮುಗಿಯಿತು. ಕ್ರಿಯೇಟ್ ಫಂಕ್ಷನ್ ಮತ್ತು ಈಚ್ 7.2ರಲ್ಲಿ ಎಚ್ಚರಿಕೆ ಮಾತ್ರ ಕೊಡುತ್ತವೆ, 8.0ರಲ್ಲಿ ಇಲ್ಲವೇ ಇಲ್ಲ. ಎಚ್ಚರಿಕೆ ಇರುವಾಗಲೇ ತಿದ್ದಿಬಿಡಿ.

ಇಲ್ಲೇ ಥೀಮಿನಲ್ಲಿ ಪಠ್ಯ ಕತ್ತರಿಸುವ ‘ಸಬ್‌ಸ್ಟರ್’ (substr) ಎಲ್ಲಿದೆ ಹುಡುಕಿ. ಶೀರ್ಷಿಕೆಯನ್ನು 50ಕ್ಕೆ ಕತ್ತರಿಸುವ ಸಾಲು ಹಳೆಯ ಪತ್ರಿಕಾ ಥೀಮುಗಳಲ್ಲಿ ಇದ್ದೇ ಇರುತ್ತದೆ. ಅದು ಎಣಿಸುವುದು ಬೈಟು. 50 ಬೈಟಿನಲ್ಲಿ ಕನ್ನಡದ 16 ಸಂಕೇತ ಹಿಡಿಸಿ, 17ನೆಯದರ ಎರಡು ಬೈಟು ಬಾಲವಾಗಿ ಉಳಿಯುತ್ತವೆ. ಸಾಲಿನ ಕೊನೆಗೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಕಾಣುವುದು ಇದರಿಂದ. ಬೈಟಿನ ಬದಲು ಸಂಕೇತ ಎಣಿಸುವ ಫಂಕ್ಷನ್ ಬಳಸಿದರೂ ‘ಸ್ತ್ರೀ’ಯ ನಡುವೆ ಕತ್ತರಿ ಬೀಳಬಹುದು. ಕನ್ನಡಕ್ಕೆ ಪದ ಎಣಿಸುವುದೇ ಸರಿ, ವರ್ಡ್‌ಪ್ರೆಸ್‌ನಲ್ಲೇ ಅದಕ್ಕೆ ಟ್ರಿಮ್ ವರ್ಡ್ಸ್ ಎಂಬ ಫಂಕ್ಷನ್ ಇದೆ.

ಮೂರನೆಯ ಮೆಟ್ಟಿಲು: ಪಿಎಚ್‌ಪಿ 7.2ರ ಮೇಲೆ ವರ್ಡ್‌ಪ್ರೆಸ್ 5.6. ಕ್ಲಾಸಿಕ್ ಎಡಿಟರ್ ಪ್ಲಗಿನ್ ಮೊದಲೇ ಹಾಕಿಡಿ, 2018ರ 5.0ರಲ್ಲಿ ಬಂದ ಬ್ಲಾಕ್ ಎಡಿಟರ್ ಹಳೆಯ ಲೇಖನಗಳನ್ನು ಕೆಡಿಸುವುದಿಲ್ಲ, ಒಂದೇ ಕ್ಲಾಸಿಕ್ ಬ್ಲಾಕಿನಲ್ಲಿ ತೆರೆಯುತ್ತದೆ, ಆದರೆ ಬರೆಯುವವರಿಗೆ ಒಂದೇ ದಿನ ಎಲ್ಲವೂ ಬದಲಾಗಬಾರದು. ತಾಂತ್ರಿಕವಾಗಿ ಇಲ್ಲಿ ನಿಲ್ಲಲು ಕಾರಣ ಜೆಕ್ವೆರಿ, ಬ್ರೌಸರಿನಲ್ಲಿ ಮೆನು, ಸ್ಲೈಡರ್ ಓಡಿಸುವ ಜಾವಾಸ್ಕ್ರಿಪ್ಟ್ ಸಂಗ್ರಹ. 5.5 ಹಳೆಯ ಕೋಡಿಗೆ ಆಸರೆಯಾಗಿದ್ದ ಜೆಕ್ವೆರಿ ಮೈಗ್ರೇಟನ್ನು ತೆಗೆದು, 5.6 ಜೆಕ್ವೆರಿಯನ್ನೇ 3.5.1ಕ್ಕೆ ಏರಿಸಿತು. ಮುಖಪುಟದ ಸ್ಲೈಡರ್ ನಿಂತರೆ, ಮೆನು ತೆರೆಯದಿದ್ದರೆ ಬ್ರೌಸರಿನ ಕನ್ಸೋಲ್ ನೋಡಿ, ‘ಲೈವ್’ ಎಂಬ ಫಂಕ್ಷನ್ ಇಲ್ಲ ಎಂಬಂಥ ದೂರು ಇರುತ್ತದೆ. ಅದರ ಜಾಗಕ್ಕೆ ‘ಆನ್’ ಬರೆಯಬೇಕು. ಪ್ರತಿಕ್ರಿಯೆಯ ಪೆಟ್ಟಿಗೆಗೆ ಕನ್ನಡ ಕೀಲಿಮಣೆ ಕೊಡುತ್ತಿದ್ದ ಹಳೆಯ ಪ್ಲಗಿನ್ನುಗಳು ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತವೆ. ರಿಪೇರಿ ಬೇಡ, ತೆಗೆದುಬಿಡಿ. ಈಗ ಓದುಗರ ಫೋನಿನಲ್ಲೇ ಕನ್ನಡ ಕೀಲಿಮಣೆ ಇದೆ.

ಅಲ್ಲಿಂದ ಮೇಲೆ ದಾರಿ ಸಲೀಸು. ಪಿಎಚ್‌ಪಿ 7.4, ಆಮೇಲೆ ವರ್ಡ್‌ಪ್ರೆಸ್‌ನ ಈಗಿನ ಆವೃತ್ತಿ, ಆಮೇಲೆ ಪಿಎಚ್‌ಪಿ 8ರ ಸಾಲು. 8ರಲ್ಲಿ ಸಾಮಾನ್ಯವಾಗಿ ಬೀಳುವುದು, ಅರೇ ಅಲ್ಲದ್ದನ್ನು ಎಣಿಸುವ ಕೌಂಟ್, 7.2ರಲ್ಲಿ ಎಚ್ಚರಿಕೆಯಾಗಿದ್ದದ್ದು ಇಲ್ಲಿ ಮಾರಕ. ಡೇಟಾಬೇಸನ್ನು ಮೈಎಸ್‌ಕ್ಯುಎಲ್ 8ಕ್ಕೆ ಏರಿಸುವುದಿದ್ದರೆ ಪಿಎಚ್‌ಪಿ 7.4 ಮುಟ್ಟಿದ ಮೇಲೆ ಮಾಡಿ. 8ರ ಹೊಸ ಪಾಸ್‌ವರ್ಡ್ ಪದ್ಧತಿ ಹಳೆಯ ಪಿಎಚ್‌ಪಿಗೆ ಅರ್ಥವಾಗುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ‘ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ’ ಎಂದೇ ಬರುತ್ತದೆ.

ಪ್ರತಿ ಮೆಟ್ಟಿಲಿನ ಕೊನೆಗೆ ಒಂದು ಡಂಪ್ ತೆಗೆದು ಆವೃತ್ತಿಗಳ ಹೆಸರಿನಲ್ಲಿ ಇಡಿ. ಮಾಡಿದ್ದನ್ನೆಲ್ಲ ಕ್ರಮವಾಗಿ ಬರೆದಿಡಿ, ತಿದ್ದಿದ ಸಾಲು ಸಮೇತ. ಎರಡನೆಯ ಸಲ ಇದೇ ಕೆಲಸವನ್ನು ಗಡಿಯಾರ ನೋಡಿಕೊಂಡು ಮಾಡಬೇಕಾಗುತ್ತದೆ.

ಪ್ಲಗಿನ್ನುಗಳ ಲೆಕ್ಕ

ಮೂವತ್ತು ಪ್ಲಗಿನ್ ಇದ್ದ ತಾಣ ಹತ್ತರಲ್ಲಿ ಚೆನ್ನಾಗಿ ನಡೆಯುತ್ತದೆ. ವರ್ಡ್‌ಪ್ರೆಸ್ ಡೈರೆಕ್ಟರಿಯಿಂದ ಮುಚ್ಚಿಹೋದ ಪ್ಲಗಿನ್‌ಗೆ ಅಪ್‌ಡೇಟ್ ಬರುವುದಿಲ್ಲ, ಹಾಗಾಗಿ ‘ಎಲ್ಲ ಅಪ್‌ಡೇಟ್ ಆಗಿದೆ’ ಎಂಬಂತೆ ಕಾಣುತ್ತದೆ. ಒಂದೊಂದರ ಪುಟವನ್ನೂ ಹೋಗಿ ನೋಡಿ. ತೆಗೆಯುವ ಮೊದಲು ಅದು ಬರಹದ ಒಳಗೆ ಬಿಟ್ಟ ಶಾರ್ಟ್‌ಕೋಡುಗಳನ್ನು ಎಣಿಸಿ. ಆಡಿಯೋ ಪ್ಲಗಿನ್ ತೆಗೆದ ಮರುದಿನ ಇನ್ನೂರು ಲೇಖನಗಳಲ್ಲಿ ಚೌಕ ಆವರಣದ ಪದ ಬೆತ್ತಲೆಯಾಗಿ ನಿಲ್ಲಬಾರದು. ಆಡಿಯೋಗೆ 3.6ರಿಂದಲೇ ವರ್ಡ್‌ಪ್ರೆಸ್‌ನ ಸ್ವಂತ ಶಾರ್ಟ್‌ಕೋಡ್ ಇದೆ, ಅದಕ್ಕೆ ಬದಲಿಸಿ.

ಹೊಸ ಥೀಮಿಗೆ ಹೋಗುವವರು ಅಕ್ಷರಗಳ ನಡುವೆ ಜಾಗ ಬಿಡುವ ಸ್ಟೈಲ್ ಇದ್ದರೆ ಸೊನ್ನೆ ಮಾಡಿ, ಇಂಗ್ಲಿಷಿಗೆಂದು ಮಾಡಿದ ಆ ಅಲಂಕಾರ ಕನ್ನಡಕ್ಕೆ ಹೊಂದುವುದಿಲ್ಲ. ಸಾಲಿನ ಎತ್ತರ 1.7ರ ಆಸುಪಾಸು ಇರಲಿ. 1.4 ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಬದಲಿಸುವ ದಿನ

ಡಿಎನ್‌ಎಸ್‌ನ ಟಿಟಿಎಲ್ ಅನ್ನು (ತಾಣದ ವಿಳಾಸವನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳುವ ಅವಧಿ) ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿ. ಬರೆಯುವವರಿಗೆಲ್ಲ ಮೊದಲೇ ತಿಳಿಸಿ ಹಳೆಯ ತಾಣದಲ್ಲಿ ಪ್ರತಿಕ್ರಿಯೆ ಮುಚ್ಚಿ. ಲ್ಯಾಪ್‌ಟಾಪಿನಲ್ಲಿ ವಾರಗಟ್ಟಲೆ ಪಳಗಿಸಿದ ಡೇಟಾಬೇಸನ್ನೇ ಏರಿಸಬೇಡಿ, ಈ ನಡುವೆ ಬಂದ ಲೇಖನ, ಪ್ರತಿಕ್ರಿಯೆ ಅದರಲ್ಲಿ ಇರುವುದಿಲ್ಲ. ಹೊಸ ಡಂಪ್ ತೆಗೆದು, ಬರೆದಿಟ್ಟ ಕ್ರಮದಲ್ಲೇ ಅದನ್ನು ಮೆಟ್ಟಿಲು ಹತ್ತಿಸಿ. ಮೊದಲ ಸಲ ವಾರಗಳು ಹಿಡಿದದ್ದು ಈಗ ಗಂಟೆಗಳಲ್ಲಿ ಮುಗಿಯುತ್ತದೆ, ಥೀಮು-ಪ್ಲಗಿನ್ನಿನ ತಿದ್ದುಪಡಿ ಎಲ್ಲ ಆಗಲೇ ಆಗಿದೆಯಲ್ಲ.

ಹೊಸ ಸರ್ವರಿನಲ್ಲಿ ಎದ್ದ ಮೇಲೆ ಪರ್ಮಾಲಿಂಕ್ ಪುಟಕ್ಕೆ ಹೋಗಿ ಏನೂ ಬದಲಿಸದೆ ಒಮ್ಮೆ ಉಳಿಸಿ, ಮುಖಪುಟ ಬಂದು ಒಳಪುಟಗಳೆಲ್ಲ 404 ಆಗುವುದು ಇದರಿಂದ ಸರಿಹೋಗುತ್ತದೆ. ಅಪ್‌ಡೇಟ್ ನಡುವೆ ನಿಂತು ‘ಸ್ವಲ್ಪ ಹೊತ್ತು ಲಭ್ಯವಿಲ್ಲ’ ಎಂಬ ಪುಟ ಉಳಿದರೆ ಮೂಲ ಫೋಲ್ಡರಿನ ಮೆಂಟೆನೆನ್ಸ್ ಫೈಲನ್ನು ಅಳಿಸಿ. ಅಳಿಸದಿದ್ದರೂ 10 ನಿಮಿಷದ ನಂತರ ವರ್ಡ್‌ಪ್ರೆಸ್ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಸ್ವಯಂ ಅಪ್‌ಡೇಟ್ ಪುಟವನ್ನೂ ನೋಡಿ. 5.6ರ ನಂತರ ಹೊಸದಾಗಿ ಹಾಕಿದ ತಾಣಗಳಿಗೆ ದೊಡ್ಡ ಆವೃತ್ತಿಗಳೂ ತಾನಾಗಿ ಬರುತ್ತವೆ. ಹಳೆಯದರಿಂದ ಏರಿ ಬಂದ ನಿಮ್ಮ ತಾಣಕ್ಕೆ ಕಿರು ಆವೃತ್ತಿ ಮಾತ್ರ, ಉಳಿದದ್ದನ್ನು ನೀವೇ ಒತ್ತಿ ಚಾಲೂ ಮಾಡಬೇಕು.

ಪರೀಕ್ಷೆಗೆ 50 ಕೊಂಡಿಗಳ ಪಟ್ಟಿ ಮೊದಲೇ ಮಾಡಿಟ್ಟಿರಿ: ಅತಿ ಹಳೆಯ 10, ಅತಿ ಹೆಚ್ಚು ಓದಿದ 10, ಕೊಂಡಿ ಕತ್ತರಿಸಿಹೋದ 10, ಕನ್ನಡ ಹೆಸರಿನ ಚಿತ್ರ ಇರುವ 10, ಪ್ರತಿಕ್ರಿಯೆ ತುಂಬಿದ 10. ಒಂದೊಂದನ್ನೂ ತೆರೆದು, ಕೊನೆಯ ಪ್ಯಾರಾದವರೆಗೆ ಇಳಿದು, ಹಳೆಯ ತಾಣದ ಪಕ್ಕದಲ್ಲಿಟ್ಟು ಓದಿ. ಕಣ್ಣಿಗೆ ಬೀಳಬೇಕಾದದ್ದು ಕೊಂಬು, ಒತ್ತು, ಅರ್ಕಾವತ್ತು. ಬೇರೆಯವರ ಹತ್ತಿರವೂ ಓದಿಸಿ, ಆ ಲೇಖನ ಬರೆದವರೇ ಸಿಕ್ಕರೆ ಇನ್ನೂ ಒಳ್ಳೆಯದು.

ಹಳೆಯ ಸರ್ವರನ್ನು ಒಂದು ತಿಂಗಳಾದರೂ ರದ್ದು ಮಾಡಬೇಡಿ. ಮುಟ್ಟದ ಮೊದಲ ಡಂಪನ್ನು ಎರಡು ಕಡೆ ಇಡಿ, ಜೊತೆಗೆ ಒಂದು ಚಿಕ್ಕ ಪಠ್ಯದ ಫೈಲು: ವರ್ಡ್‌ಪ್ರೆಸ್ 3.8, ಪಿಎಚ್‌ಪಿ 5.4, ಮೈಎಸ್‌ಕ್ಯುಎಲ್ 5.5, ಟೇಬಲ್‌ಗಳು ಲ್ಯಾಟಿನ್-1, ಬೈಟುಗಳು ಯುಟಿಎಫ್-8. ಐದಾರು ವರ್ಷದ ನಂತರ ಒಂದು ಲೇಖನದಲ್ಲಿ ಅಕ್ಷರ ತಪ್ಪಿದೆ ಎಂದು ಯಾರಾದರೂ ಹೇಳಿದರೆ, ಆ ಡಂಪನ್ನು ಸರಿಯಾಗಿ ತೆರೆಯಲು ಬೇಕಾಗುವುದು ಈ ಒಂದು ಸಾಲು.